ಶೇವಂತೆವ್ವ ಆರಿಸಿದ ಬ್ಲೇಡು

ಹಲಸಂಗಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಶೇವಂತೆವ್ವನಿಗೆ ಯಾವ ವಸ್ತುವೂ ಒಂದೇ ನೋಟಕ್ಕೆ ಒಪ್ಪಿಗೆಯಾದದ್ದನ್ನು ನಾನು ಕಂಡಿಲ್ಲ. ಮನಗೂಳಿ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಬುಟ್ಟಿಯ ತಳದವರೆಗೂ ಕೈ ಹಾಕುವಳು. ಒಂದನ್ನು ಒತ್ತಿ ನೋಡುವಳು, ಇನ್ನೊಂದನ್ನು ಮೂಸಿ ನೋಡುವಳು. ಕಾಯಿಪಲ್ಲೆ ಮಾರುವ ಪೀರಬಿ ಒಮ್ಮೆ ತಾಳಲಾರದೆ, "ಯವ್ವಾ, ನೀ ಬದನಿಕಾಯಿ ತಗೊಳ್ಳಾಕ ಬಂದೀಯೋ, ಮಗಳಿಗೆ ವರಾ ನೋಡಾಕ ಬಂದೀಯೋ?" ಎಂದಿದ್ದಳು. "ವರಾ ಆದ್ರ ಇಷ್ಟ ನೋಡ್ತಿರ್ಲಿಲ್ಲ, ಬದನಿಕಾಯಿ ನಾ ತಿನ್ನೂದೈತಿ" ಎಂದು ಶೇವಂತೆವ್ವ ಉತ್ತರಿಸಿದಳು. ಸಂತೆಗೆ ಸಂತೆಯೇ ನಕ್ಕಿತ್ತು.

ಗಂಡ ಶ್ರೀಶೈಲಪ್ಪ ಮಾತು ಕಡಿಮೆಯ ಮನುಷ್ಯ. ಹೆಂಡತಿ ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದುದರಿಂದ ಆ ಮನೆಯಲ್ಲಿ ಅದರ ಕೊರತೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಹೊಲ ನಮ್ಮ ಹೊಲಕ್ಕೆ ಹತ್ತಿದೆ. ಹೀಗಾಗಿ ನಾನು ಹೇಳುವುದರಲ್ಲಿ ಬಹಳಷ್ಟು ಕಣ್ಣಾರೆ ಕಂಡದ್ದು. ಉಳಿದದ್ದನ್ನು ಆಕೆಯೇ ಆಮೇಲೆ ನನ್ನ ಹೆಂಡತಿ ಇಂದುಬಾಯಿಗೆ ಹೇಳಿದ್ದಾಳೆ.

ಎಪ್ಪತ್ತೈದರಲ್ಲಿ ಶ್ರೀಶೈಲಪ್ಪನ ಮನೆಗೆ ಟ್ರ್ಯಾಕ್ಟರ್ ಬಂತು. ಅದೇ ವರ್ಷ ಬಾವಿಗೆ ಪಂಪೂ ಕೂತಿತು. ನೀರೇನೋ ಧಾರಾಳ, ಆದರೆ ಬಾವಿಯ ಪಕ್ಕದ ಎರೆಹೊಲ ಇಳಿಜಾರು. ಮೇಲೆ ಬಿಟ್ಟ ನೀರು ನಡುವೆ ಎಲ್ಲೂ ನಿಲ್ಲದೆ ಕೆಳಗಿನ ಮೂಲೆಗೆ ಓಡಿ ಅಲ್ಲಿ ಕೆಸರು ಮಾಡಿಕೊಂಡು ಕೂರುತ್ತಿತ್ತು. ಸಾಲದ್ದಕ್ಕೆ ನಟ್ಟನಡುವಿನ ಬನ್ನಿಗಿಡದ ಹತ್ತಿರ ಒಂದು ದಿಬ್ಬ. ಮರುವರ್ಷದ ಬೇಸಿಗೆಯಲ್ಲಿ, ಜೋಳದ ರಾಶಿ ಮುಗಿದ ಮೇಲೆ, ಹೊಲವನ್ನು ಮಟ್ಟ ಮಾಡಿಸಿಯೇ ಬಿಡುವುದೆಂದು ಶ್ರೀಶೈಲಪ್ಪ ನಿಶ್ಚಯಿಸಿದ. ಅದಕ್ಕೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಕೆತ್ತಿ ಎಳೆಯುವ ಬ್ಲೇಡಿನಂಥ ಸಾಮಾನು ಬೇಕು, ವಿಜಾಪುರಕ್ಕೆ ಹೋಗಿ ತರಬೇಕು ಎಂದ.

"ನಾನೂ ಬರ್ತೇನಿ" ಎಂದಳು ಶೇವಂತೆವ್ವ.

ಕಬ್ಬಿಣದ ಅಂಗಡಿಗೆ ಹೆಂಗಸು ಯಾಕೆ ಎಂದು ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ಬದನೆಕಾಯಿ ಆರಿಸುವವಳು ಬ್ಲೇಡನ್ನೂ ಆರಿಸಲಿ ಬಿಡು ಎಂದು ನಾವು ಕಟ್ಟೆಯ ಮೇಲೆ ಕೂತು ನಕ್ಕೆವು. ಆಕೆ ಹೊರಟದ್ದು ಬೇರೆಯದಕ್ಕೆ. ಬನ್ನಿಗಿಡದ ಹತ್ತಿರದ ಆ ದಿಬ್ಬದ ಕೆಳಗೆ ತನ್ನ ಚೊಚ್ಚಲ ಕೂಸು ಇದೆ ಎಂದು ಆಕೆ ನಂಬಿದ್ದಳು.

ಹೆಣ್ಣುಕೂಸು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಶ್ರೀಶೈಲಪ್ಪ ಆಗ ಸೊಲ್ಲಾಪುರದಲ್ಲಿ ಬಳಗದವರ ಅಡತಿ ಅಂಗಡಿಯಲ್ಲಿ ದುಡಿಯುತ್ತಿದ್ದ. ಅವನು ಊರಿಗೆ ಬರುವ ಮೊದಲೇ, ತಿಂಗಳು ತುಂಬುವುದರೊಳಗೆ, ಕೂಸು ಜ್ವರ ಬಂದು ಹೋಯಿತು. ಮಾವ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕುರಿ ಕಾಯುವ ಸೋಮನಿಂಗನನ್ನು ಜೊತೆಗೆ ಕರೆದುಕೊಂಡು ಹೊಲಕ್ಕೆ ಹೋಗಿ ಮಣ್ಣು ಕೊಟ್ಟು ಬಂದ. ನಮ್ಮವರು ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುತ್ತಾರೆ. ದೊಡ್ಡವರಾದರೆ ಮೇಲೊಂದು ಕಟ್ಟೆ ಕಟ್ಟುತ್ತಾರೆ. ಎಳೆಗೂಸಿಗೆ ಒಂದು ಕಲ್ಲೂ ಇಡುವುದಿಲ್ಲ. ಹೂಳಿದ ಜಾಗ ಹೆತ್ತವರಿಗೆ ಗೊತ್ತಾದರೆ ಮುಂದಿನ ಕೂಸು ನಿಲ್ಲುವುದಿಲ್ಲವೆಂಬ ಹೆದರಿಕೆ ಆ ಮನೆಯ ಹಿರಿಯರಿಗೆ ಇತ್ತು. ಅವರು ಹೇಳಲಿಲ್ಲ, ಬಾಯಿಗೆ ಹೆಸರಾದ ಶೇವಂತೆವ್ವ ಕೇಳಲಿಲ್ಲ.

ಆದರೆ ಕೂಸು ಹೋದ ಆ ಬೇಸಿಗೆಯಲ್ಲೇ ಹೊಲಕ್ಕೆ ಬುತ್ತಿ ಒಯ್ದಾಗ ಆಕೆಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಊರಿಗೆ ಮರಳಿದ್ದ ಗಂಡ ನೇಗಿಲು ಹೊಡೆಯುತ್ತ ಬನ್ನಿಗಿಡದ ಹತ್ತಿರ ಬಂದವನು ನೇಗಿಲನ್ನು ಎತ್ತಿ ಹಿಡಿದು, ನಾಲ್ಕು ಹೆಜ್ಜೆ ದಾಟಿ ಮತ್ತೆ ಊರಿದ. ಮಾವ ಮಗನಿಗಾದರೂ ಜಾಗ ಹೇಳಿದ್ದಾನೆ ಎಂದು ಆಕೆ ತಿಳಿದಳು. ಅಂದಿನಿಂದ ಪ್ರತಿ ಎಳ್ಳ ಅಮಾವಾಸ್ಯೆಗೆ ಮನೆಯವರೆಲ್ಲ ಭೂತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲುವಾಗ, ಆಕೆ ಕಡುಬು, ಹೋಳಿಗೆ, ಪಲ್ಲೆ ಕಲಸಿದ ಒಂದು ಹಿಡಿ ತುತ್ತನ್ನು ಯಾರಿಗೂ ಕಾಣದಂತೆ ಅಲ್ಲಿ ಚೆಲ್ಲಿ ಬರುತ್ತಿದ್ದಳು. ಮುಂದೆ ಮೂರು ಮಕ್ಕಳಾದವು, ಮೂರೂ ಬದುಕಿದವು. ಆದರೂ ಆ ಹಿಡಿ ತಪ್ಪಲಿಲ್ಲ. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದಂತೆ ನೇಗಿಲು ತಾಗದ ಆ ಜಾಗ ವರ್ಷ ವರ್ಷಕ್ಕೆ ಎದ್ದು ದಿಬ್ಬವಾಯಿತು.

ಈಗ ಗಂಡ ಆ ದಿಬ್ಬವನ್ನೇ ತೆಗೆಸಲು ಹೊರಟಿದ್ದ. ಬೇಡವೆನ್ನಲು ಆಕೆಗೆ ಬಾಯಿ ಬರಲಿಲ್ಲ. ಅಷ್ಟು ವರ್ಷ ಆಡದ ಮಾತನ್ನು ಎಲ್ಲಿಂದ ಶುರು ಮಾಡುವುದು? ಆಳಕ್ಕೆ ಹೋಗುವ ಸಾಮಾನು ಮನೆಗೆ ಬಾರದಂತೆ ನೋಡಿಕೊಂಡರಾಯಿತು ಎಂದು ಟ್ರೇಲರ್ ಹತ್ತಿದಳು. ಪಂಪಿನ ವಾಷರು ತರಲು ನಾನೂ ಅದೇ ಟ್ರೇಲರಿನಲ್ಲಿದ್ದೆ. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಅವರ ಡ್ರೈವರ್ ದಾವಲಮಲಿಕ.

ಅಂಗಡಿಯ ಮಾಲೀಕನಿಗೆ ಆ ದಿನ ಬೆವರು ಇಳಿಯಿತು. ಮೊದಲು ಅವನು ದೊಡ್ಡ ದೊಡ್ಡ ತಾಟಿನಂಥ ಚಕ್ರಗಳಿದ್ದ ಡಿಸ್ಕ್ ನೇಗಿಲನ್ನು ತೋರಿಸಿದ.

"ಇದು ಎಷ್ಟ ಆಳ ಹೋಗತೈತಿ?" ಎಂದು ಶೇವಂತೆವ್ವ ಕೇಳಿದಳು.

ಖುಷಿಯಾದ ಮಾಲೀಕ, "ಒಂದ ಫೂಟ ಸರಳ ಹೋಗತೈತ್ರಿ ಅಕ್ಕಾರ. ಕರಿಕಿ ಬೇರ ಸೈತ ಉಳಿಯಾಂಗಿಲ್ಲ" ಎಂದ.

"ಬ್ಯಾಡ. ನಾವು ಹೊಲಾ ಮಟ್ಟ ಮಾಡವರು, ಬಾವಿ ತೋಡವರಲ್ಲ."

ಆಮೇಲೆ ಮಣ್ಣು ಮಗುಚುವ ಪಲ್ಟಿ ನೇಗಿಲು ಬಂತು. ಅದೇ ಪ್ರಶ್ನೆ. ಹಿಂದಿನದಕ್ಕಿಂತ ಇದು ಹೆಚ್ಚು ಆಳ ಹೋಗುತ್ತದೆ ಎಂದು ಹೇಳಿ ಆ ಮನುಷ್ಯ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ. ಇನ್ನೊಂದು, ನೆಲಕ್ಕೆ ಬಾಯಿ ಹಚ್ಚಿ ಮಣ್ಣನ್ನು ಕೆತ್ತಿ ತುಂಬಿಕೊಂಡು ಹೋಗುವ ಭಾರಿ ಡಬ್ಬಿ. ಅದರ ಬಾಯಿ ನೋಡಿಯೇ ಆಕೆ ಹಿಂದೆ ಸರಿದಳು.

ದಾವಲಮಲಿಕ ನಡುವೆ ಬಾಯಿ ಹಾಕಿದ. "ಅವ್ವಾರ, ಎರಿ ಮಣ್ಣ ಬ್ಯಾಸಗಿಗೆ ಕಲ್ಲಾಗಿರತೈತಿ. ಮೊದಲ ಡಿಸ್ಕ್ ಹೊಡದು ಸಡಲ ಮಾಡ್ಬೇಕು, ಆಮ್ಯಾಲ ಬ್ಲೇಡಿಲೆ ಎಳೀಬೇಕು. ಪದ್ಧತಿನ ಹಂಗೈತ್ರಿ."

ಆಕೆ ಬಾಯಿ ತೆರೆಯುವುದರೊಳಗೆ ಶ್ರೀಶೈಲಪ್ಪ ಮಾತಾಡಿದ. "ಡಿಸ್ಕ್ ಬ್ಯಾಡೋ. ಮನ್ಯಾಗಿನ ಕಲ್ಟಿವೇಟರ್ ಮ್ಯಾಲಮ್ಯಾಲ ಹಾಯಿಸಿ, ಸಣ್ಣ ಬ್ಲೇಡಿಲೆ ಎಳದ್ರ ಸಾಕು."

"ಭಾಳ ಹೊತ್ತ ಹಿಡೀತೈತ್ರಿ ಸಾವಕಾರ್ರ."

"ಹಿಡೀಲಿ ಬಿಡು."

ಶೇವಂತೆವ್ವ ಗಂಡನ ಮುಖ ನೋಡಿದಳು. ಅವನು ಮೂಲೆಯ ಬ್ಲೇಡಿನ ಬಣ್ಣ ನೋಡುತ್ತಿದ್ದ. ಗಂಡಹೆಂಡತಿ ಇಷ್ಟು ಸಲೀಸಾಗಿ ಒಂದಾದದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಕಡೆಗೆ ಅಂಗಡಿಯಲ್ಲಿದ್ದುದರಲ್ಲೇ ಸಣ್ಣದಾದ, ಲಿಫ್ಟಿನಿಂದ ಬೇಕಾದಷ್ಟು ಎತ್ತಬಹುದಾದ, ಇಳಿಸಬಹುದಾದ ಹಗುರ ಬ್ಲೇಡು ಟ್ರೇಲರ್ ಏರಿತು. ದೊಡ್ಡ ಟ್ರ್ಯಾಕ್ಟರಿನ ಹಿಂದೆ ಅದು ಗೂಳಿಯ ಕೊರಳಿಗೆ ಕರುವಿನ ಗಂಟೆ ಕಟ್ಟಿದಂತೆ ಕಾಣುತ್ತಿತ್ತು. ಊರಲ್ಲಿ ನಗದವರಿಲ್ಲ. ಶ್ರೀಶೈಲಪ್ಪ ಯಾರಿಗೂ ಉತ್ತರ ಕೊಡಲಿಲ್ಲ, ಶೇವಂತೆವ್ವ ಎಲ್ಲರಿಗೂ ಕೊಟ್ಟಳು.

ಬ್ಲೇಡು ಹಚ್ಚಿದ ದಿನ ದಾವಲಮಲಿಕ ಹೊತ್ತು ಮೂಡುವ ಮೊದಲೇ ಹೊಲಕ್ಕೆ ಇಳಿದಿದ್ದ. ಪಡುವಣ ಕಡೆಯಿಂದ ಶುರು ಮಾಡಿ ಎತ್ತರದ ಮಣ್ಣನ್ನು ತಗ್ಗಿಗೆ ಎಳೆಯುತ್ತ, ನೀರು ಬಿಟ್ಟರೆ ತಾನೇ ಸಾವಕಾಶ ಹರಿಯುವಷ್ಟು ಇಳುಕಲು ಉಳಿಸುತ್ತ ಬಂದ. ನಾನು ನಮ್ಮೆರಡು ಹೊಲಗಳ ನಡುವಿನ ಮೂಡಣ ಒಡ್ಡಿನ ಮೇಲೆ ನಿಂತು ನೋಡುತ್ತಿದ್ದೆ. ಶೇವಂತೆವ್ವ ಬುತ್ತಿ ತಂದು ಬನ್ನಿಗಿಡದ ನೆರಳಿನಲ್ಲಿ ಕೂತಿದ್ದಳು. ಶ್ರೀಶೈಲಪ್ಪ ಗಿಡದ ಆಚೆ ಮಗ್ಗುಲಿಗೆ ಸಲಿಕೆ ಹಿಡಿದು ನಿಂತಿದ್ದ. ಅರ್ಧ ಹೊಲ ಮುಗಿದ ಮೇಲೆ ಟ್ರ್ಯಾಕ್ಟರ್ ದಿಬ್ಬದ ಕಡೆ ತಿರುಗಿತು. ದಾವಲಮಲಿಕ ಲಿಫ್ಟಿನ ಹಿಡಿಕೆಗೆ ಕೈ ಹಾಕಿದ. ಬ್ಲೇಡು ನೆಲ ಮುಟ್ಟಿತು.

"ನಿಂದ್ರಸೋ!"

ಗಿಡದ ಎರಡೂ ಕಡೆಯಿಂದ ಒಂದೇ ಕೂಗು ಬಂತು. ದಾವಲಮಲಿಕ ಹೌಹಾರಿ ಇಂಜಿನ್ ಬಂದ್ ಮಾಡಿದ. "ಇಬ್ಬರೂ ಕೂಡೇ ಚೀರಿದ್ರಿ, ಹಾವ ಬಂತೇನ್ರಿ?"

ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

"ನೀವ್ಯಾಕ ನಿಂದ್ರಸಂದ್ರಿ?" ಎಂದಳು ಶೇವಂತೆವ್ವ.

"ನೀ ಯಾಕಂದಿ?"

"ಅಲ್ಲಿ..." ಎಂದು ಆಕೆ ದಿಬ್ಬದ ಕಡೆ ಕೈ ಮಾಡಿದಳು.

"ಗೊತ್ತೈತಿ" ಎಂದ ಶ್ರೀಶೈಲಪ್ಪ. "ಗಿಡದ ಬುಡದಾಗಿನ ದಿಬ್ಬ ಬಿಟ್ಟ, ಸುತ್ತ ಮಾಡೋ ಅಂತ ಅವನಿಗೆ ಹೇಳಾಂವ ಇದ್ನಿ. ಅಷ್ಟ್ರಾಗ ಬ್ಲೇಡ ಇಳಿಸಿಬಿಟ್ಟ. ನಮ್ಮ ಕೂಸಿನ ಮ್ಯಾಲ ಬ್ಲೇಡ ಹಾಯಾಕ ನಾ ಬಿಡ್ತೇನೇನು?"

ಶೇವಂತೆವ್ವನ ಕಣ್ಣು ತುಂಬಿದವು. "ಮಾವಾರು ನಿಮಗ ಜಾಗಾ ಹೇಳಿದ್ದು ಚಲೋ ಆತು ನೋಡ್ರಿ. ನೀವು ನೇಗಿಲಾ ಎತ್ತೂದು ನೋಡೇ ನನಗ ಗೊತ್ತಾತು."

ಶ್ರೀಶೈಲಪ್ಪನ ಮುಖ ಬದಲಾಯಿತು. "ನನಗೆಲ್ಲಿ ಹೇಳಿದ ಅಪ್ಪ? ಒಂದ ಮಾತ ಹೇಳಲಿಲ್ಲ. ನಿನಗ ಅವ್ವ ತೋರಿಸಿರಬೇಕು ಅಂತ ನಾ ತಿಳಕೊಂಡಿದ್ನಿ. ಎಳ್ಳ ಅಮಾಸಿಗೆ ನೀ ಇಲ್ಲಿ ತುತ್ತ ಚಲ್ಲೂದು ನೋಡಿದ್ನಿ."

"ಅದಕ್ಕೂ ಮೊದಲ ನೇಗಿಲಾ ಎತ್ತಿದ್ರೆಲ್ಲ, ಆ ಬ್ಯಾಸಗ್ಯಾಗ?"

"ಕೆಳಗ ಬಂಡಿಗಲ್ಲ ಐತಿ. ಕುಳ ಮುರೀತೈತಿ ಅಂತ ಎತ್ತಿದ್ನಿ."

ಕೂಗು ಕೇಳಿ ಒಡ್ಡು ಇಳಿದು ಬಂದಿದ್ದ ನನಗೆ ಆಗ ಎಲ್ಲ ಬಿಡಿಸಿ ಕಂಡಿತು. ಅವನು ಕಲ್ಲಿಗೆ ಹೆದರಿ ನೇಗಿಲು ಎತ್ತಿದ. ಆಕೆ ಅದನ್ನು ನೋಡಿ ತುತ್ತು ಚೆಲ್ಲಿದಳು. ಆ ತುತ್ತು ನೋಡಿ ಅವನು ಪ್ರತಿ ವರ್ಷ ಭಕ್ತಿಯಿಂದ ನೇಗಿಲು ಎತ್ತಿದ. ಒಬ್ಬರಿಗೆ ಗೊತ್ತಿದೆಯೆಂದು ಇನ್ನೊಬ್ಬರು ನಂಬಿದ್ದರು, ಇಬ್ಬರಿಗೂ ಗೊತ್ತಿರಲಿಲ್ಲ. ಶೇವಂತೆವ್ವ ತಿರುಗಿ, ಬೆಳಗಿನಿಂದ ಕೆತ್ತಿ ಎಳೆದ ಅರ್ಧ ಹೊಲವನ್ನು ನೋಡಿದಳು. ಅಲ್ಲೇ ನೆಲದ ಮೇಲೆ ಕೂತಳು. "ಹಂಗಾದ್ರ ಎಲ್ಲೈತ್ರಿ? ನನ್ನ ಕೂಸ ಎಲ್ಲೈತಿ?"

ಹಿರಿಯರಿಬ್ಬರೂ ತೀರಿಹೋಗಿದ್ದರು, ಜಾಗ ಕಂಡವನು ಉಳಿದಿದ್ದರೆ ಸೋಮನಿಂಗನೊಬ್ಬನೇ. ಅವನ ಕುರಿ ಆ ವಾರ ಗೊಬ್ಬರಕ್ಕೆಂದು ನನ್ನ ಹೊಲದಲ್ಲೇ ಬೀಡು ಬಿಟ್ಟಿದ್ದವು. ನಾನು ಓಡಿಹೋಗಿ ಮುದುಕನನ್ನು ಕರೆದುಕೊಂಡು ಬಂದೆ. ಬಂದವನು ಶೇವಂತೆವ್ವನ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಸೋಮನಿಂಗ ಕಾಕಾ, ಸತ್ಯ ಹೇಳು" ಎಂದಳು ಆಕೆ. "ಕೆತ್ತಿದ್ರಾಗ ಬಂತೇನು?"

"ಇಲ್ಲ ಯವ್ವಾ, ಅಳಬ್ಯಾಡ." ಮುದುಕ ಕೋಲೆತ್ತಿ ಮೂಡಣ ಒಡ್ಡನ್ನು ತೋರಿಸಿದ. "ಅಗಾ ಅಲ್ಲಿ, ಒಡ್ಡಿನ ಬುಡದಾಗ. ನೇಗಿಲಾ ತಾಗಬಾರದು ಅಂತ ನಿಮ್ಮ ಮಾವ ಅಲ್ಲೇ ತಗ್ಗ ತಗಸಿದ. ಮುಂದ ಸರಕಾರದವ್ರು ಒಡ್ಡ ಏರಿಸಿದ್ರೆಲ್ಲ, ಮ್ಯಾಲ ಆಳೆತ್ತರ ಮಣ್ಣ ಬಿತ್ತು. ಅಲ್ಲಿ ಯಾವ ಬ್ಲೇಡೂ ಹೋಗೂದಿಲ್ಲ."

ಒಮ್ಮೆ ನಮ್ಮಪ್ಪ ಆ ಒಡ್ಡಿನ ಮಣ್ಣು ತೆಗೆಯಲು ಗುದ್ದಲಿ ಹಾಕಿದಾಗ ಶ್ರೀಶೈಲಪ್ಪನ ಅಪ್ಪ ಬಡಿಗೆ ಹಿಡಿದು ಬಂದದ್ದು ನನಗೆ ನೆನಪಾಯಿತು. ನಾವೆಲ್ಲ ಅವನನ್ನು ಗೇಣು ನೆಲಕ್ಕೆ ಜೀವ ಬಿಡುವ ಜಿಪುಣ ಎಂದಿದ್ದೆವು.

"ಕಾಕಾ, ಇಷ್ಟ ವರ್ಷ ಯಾಕ ಹೇಳಲಿಲ್ಲ?" ಎಂದ ಶ್ರೀಶೈಲಪ್ಪ.

"ನೀನಾಗಿ ಹೇಳಬ್ಯಾಡ ಅಂತ ನನಗ ಅಂದಿದ್ದ ನಿಮ್ಮಪ್ಪ. ಕೇಳಿದ್ರ ಹೇಳಬ್ಯಾಡ ಅಂದಿರ್ಲಿಲ್ಲ. ನೀವು ಕೇಳಲಿಲ್ಲ."

ಶೇವಂತೆವ್ವನಿಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು, ಆಮೇಲೆ ಎರಡೂ ಕೂಡಿ ಬಂದವು. "ಅಯ್ಯ ಶಿವನ! ಇಷ್ಟ ವರ್ಷ ಬಂಡಿಗಲ್ಲಿಗೆ ಕಡಬ ತಿನ್ನಿಸಿನೆಲ್ಲೋ!" ಎಂದಾಗ ದಾವಲಮಲಿಕನೂ ನಕ್ಕ.

ದಿಬ್ಬ ತೆಗೆಯಲೋ ಬಿಡಲೋ ಎಂದು ದಾವಲಮಲಿಕ ಕೇಳಿದ. ಶೇವಂತೆವ್ವ ತೆಗೆ ಎಂದು ಕೈ ಬೀಸಿ, ಮೂಡಣ ಒಡ್ಡಿಗೆ ಹೋಗಿ ಅದರ ಬುಡದಲ್ಲಿ ಕೂತಳು. ಮಣ್ಣನ್ನು ಅಂಗೈಯಿಂದ ಸವರಿದಳು. ಸ್ವಲ್ಪ ಹೊತ್ತಿಗೆ ಶ್ರೀಶೈಲಪ್ಪನೂ ಹೋಗಿ ಪಕ್ಕದಲ್ಲಿ ಕೂತ. ನಾನು ಮುದುಕನ ಜೊತೆ ಅದೇ ಒಡ್ಡು ದಾಟಿ ನಮ್ಮ ಹೊಲಕ್ಕೆ ಇಳಿಯುತ್ತಿದ್ದೆ. ಆಗ ಶ್ರೀಶೈಲಪ್ಪನ ದನಿ ಕೇಳಿತು.

"ನಾ ನೋಡಲೇ ಇಲ್ಲ ಅದನ್ನ. ಯಾರಂಗ ಇತ್ತು?"

ಶೇವಂತೆವ್ವ ತಿರುಗಿ ಗಂಡನ ಮುಖವನ್ನು ದಿಟ್ಟಿಸಿ ನೋಡಿದಳು.

"ಮಾರಿ ನಿಮ್ಮದು" ಎಂದಳು. "ಸಿಟ್ಟ ಅಷ್ಟ ನಂದು."

"ಕೂದಲಾ?"

"ತಲಿ ತುಂಬ. ಕರ್ರಗ."

ಅವನು ಇನ್ನೂ ಏನೋ ಕೇಳಿದ, ಆಕೆ ಇನ್ನೂ ಏನೋ ಹೇಳಿದಳು. ಬಿಸಿಲು ಇಳಿಯುವವರೆಗೂ ಅವರು ಅಲ್ಲಿಂದ ಏಳಲಿಲ್ಲ.