ಒಂದು ಬೆಳಗಿನ ಡಾಕ್ಟರು

ಹುಡುಗ ತಾಳೆಮರದ ಹಾಗೆ ಬೆಳೆದಿದ್ದರಿಂದ ಎಲ್ಲರ ಬಾಯಲ್ಲೂ ಲಂಬು. ಅವನು ನರ್ಸಿಂಗಿಗೆ ಸೇರಿದ ಸುದ್ದಿ ಕೇಳಿ ಸೋದರಮಾವ ಬಿದ್ದು ಬಿದ್ದು ನಕ್ಕಿದ್ದ. "ಹೆಂಗಸ್ರು ಮಾಡೋ ಕೆಲ್ಸ ಕಣೋ ಅದು! ನಿನ್ನ ಏನಂತ ಕರೀಬೇಕು, ಸಿಸ್ಟರ್ ಅಂತಾನಾ?" ಅಮ್ಮ ಇನ್ನೂ ಜಾಣೆ. ಅಕ್ಕಪಕ್ಕದವರು ಕೇಳಿದರೆ "ಮೆಡಿಕಲ್ ಲೈನಲ್ಲಿದಾನೆ" ಎಂದು ಮಾತು ತೇಲಿಸಿಬಿಡುತ್ತಿದ್ದಳು. ಹುಡುಗನಾದರೂ ಏನು ಮಾಡಿಯಾನು? ತನ್ನದು ಮರ್ಯಾದೆಯ ಓದಲ್ಲ ಎಂಬುದು ಮೊದಲ ದಿನವೇ ಅವನ ತಲೆಗೆ ಹೊಕ್ಕಿತ್ತು.

ವಾರ್ಡಿಗೆ ಹಾಕಿದ ಮೇಲೆ ಒಂದು ತಮಾಷೆ ನಡೆಯಿತು. ಜೊತೆಯ ಹುಡುಗಿಯರೆಲ್ಲ ರೋಗಿಗಳಿಗೆ ಸಿಸ್ಟರ್ ಆದರು. ಅದೇ ಬಿಳಿ ಕೋಟು ತೊಟ್ಟ ಲಂಬು ಮಾತ್ರ ಡಾಕ್ಟರಾಗಿಬಿಟ್ಟ! ಚಾದರ ಹಾಸುವುದು, ಜ್ವರ ನೋಡುವುದು ಬಿಟ್ಟರೆ ಇನ್ನೇನೂ ಕಲಿಯದವನಿಗೆ ಮುದುಕರೆಲ್ಲ ಎದ್ದು ಕೈಮುಗಿಯುವುದೇನು! ಒಂದೆರಡು ಸಲ "ನಾನಲ್ಲ" ಎಂದ. ಆಮೇಲೆ ಸುಮ್ಮನಾದ. ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ವಯಸ್ಸಾದ ದರ್ಜಿಯ ಹೆಂಡತಿ ಮಲಗಿದ್ದಳು. ಅವಳ ಕೈ ಹಿಡಿದು ಕೂತ ದರ್ಜಿ ಅಲ್ಲಿಂದ ಕದಲುತ್ತಲೇ ಇರಲಿಲ್ಲ. "ನಾನಿಲ್ದಾಗ ಇವ್ಳು ಹೋಗ್ಬಾರ್ದು, ಅಷ್ಟೇ ನಾನ್ ಕೇಳ್ಕೊಳೋದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅವತ್ತು ಬೆಳಿಗ್ಗೆ ಲಂಬು ಜ್ವರ ನೋಡಲು ಹೋದಾಗ ದರ್ಜಿ ಧಡಕ್ಕನೆ ಎದ್ದುನಿಂತ.

"ಡಾಕ್ಟ್ರೇ, ಮೈಯೆಲ್ಲಾ ನಾರ್ತಿದೆ. ಮನೆಗ್ ಹೋಗಿ ಸ್ನಾನ ಮಾಡ್ಕೊಂಡ್ ಬರ್ಲಾ? ಅಷ್ಟರೊಳಗೆ ಏನೂ ಆಗಲ್ವಲ್ಲ?"

ಥರ್ಮಾಮೀಟರಿನಲ್ಲಿ ಜ್ವರ ಇಳಿದಿತ್ತು. ಇವನಿಗೆ ಓದಲು ಬರುತ್ತಿದ್ದದ್ದು ಅದೊಂದೇ.

"ಜ್ವರ ಬಿಟ್ಟಿದೆ ತಾತ. ಆರಾಮಾಗಿ ಹೋಗ್ಬನ್ನಿ" ಎಂದು ಮುದುಕನ ಭುಜವನ್ನೂ ತಟ್ಟಿದ, ಥೇಟ್ ಡಾಕ್ಟರ ಹಾಗೆ.

ದರ್ಜಿ ಹೋದ ಸ್ವಲ್ಪ ಹೊತ್ತಿಗೆಲ್ಲ ಆಕೆಗೆ ಉಸಿರು ಕಟ್ಟಿತು. ವಾರ್ಡಿನ ಹಿರಿಯ ಸಿಸ್ಟರ್ ಓಡಿಬಂದರು, ನಿಜವಾದ ಡಾಕ್ಟರು ಬಂದರು, ಎದೆ ಒತ್ತಿದರು. ಲಂಬು ಪರದೆ ಹಿಡಿದು ನಿಂತಿದ್ದ. ಇನ್ನೇನೂ ಅವನ ಕೈಲಾಗುವಂತಿರಲಿಲ್ಲ. ಆಕೆಯ ಕೈ ಮಂಚದಾಚೆ ಜೋತುಬಿದ್ದಿತ್ತು. ಅಯ್ಯೋ, ಅದನ್ನು ಎತ್ತಿ ಹಿಡಿದುಕೊಳ್ಳಲೂ ಅವನಿಗೆ ಧೈರ್ಯ ಬರಲಿಲ್ಲ. ಆಕೆ ಹೋಗಿಬಿಟ್ಟಳು.

ದರ್ಜಿ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ. ಹೆಂಡತಿಯ ಮುಖ ನೋಡಿ ಗೋಳೋ ಎಂದು ಅತ್ತ. ಅತ್ತು ಅತ್ತು ಸುಸ್ತಾಗಿ ಕೂತಾಗ ಲಂಬುಗೆ ತಡೆಯಲಾಗಲಿಲ್ಲ. ಮುದುಕನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತ.

"ತಾತ, ನಾನು ಡಾಕ್ಟ್ರಲ್ಲ. ನರ್ಸಿಂಗ್ ಓದ್ತಿದೀನಿ. ಈಗಷ್ಟೇ ಸೇರಿರೋದು."

ಮುದುಕ ಅವನ ಮುಖವನ್ನೇ ನೋಡಿದ. ಬೈಯಲಿಲ್ಲ. ನಾಲ್ಕು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

"ಆ ದೊಡ್ಡ ಸಿಸ್ಟರಮ್ಮ ಬೆಳಿಗ್ಗೇನೇ ಹೇಳಿದ್ರು ಕಣಪ್ಪ, ಇವತ್ತು ಎಲ್ಲೂ ಹೋಗ್ಬೇಡಿ, ಪಕ್ಕದಲ್ಲೇ ಇರಿ ಅಂತ. ನರ್ಸಮ್ಮಂಗೇನು ಗೊತ್ತಿರತ್ತೆ, ಡಾಕ್ಟ್ರನ್ನೇ ಕೇಳೋಣ ಅಂತ ನಿನ್ನ ಕೇಳ್ದೆ."