ಗುಡ್ಡದ ಮೇಲೆ ಅಪ್ಪನ ನಿದ್ದೆ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮುಂದಿನ ಬೇವಿನ ಮರ ಕೂಡ ಹಸಿರಾಗಿರುತ್ತಿರಲಿಲ್ಲ. ಶಹಾಬಾದಿನಲ್ಲಿ ನಮ್ಮ ಓಣಿ ಕಲ್ಲಿನ ಗಣಿಗಳ ಮಗ್ಗುಲಲ್ಲೇ ಇತ್ತು. ಮನೆಯ ಗೋಡೆ ಕಲ್ಲು, ಮಾಳಿಗೆ ಕಲ್ಲು, ಅಂಗಳಕ್ಕೆ ಹಾಸಿದ್ದೂ ಕಲ್ಲು. ಗಾಳಿ ಬೀಸಿದರೆ ಬೂದು ಬಣ್ಣದ ಧೂಳು ಎದ್ದು ಬೇವಿನ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಉಣ್ಣುವ ಗಂಗಾಳದ ಮೇಲೆ ಕೂರುತ್ತಿತ್ತು. ಅಪ್ಪ ಗಣಿಯಲ್ಲಿ ಕಲ್ಲು ಸೀಳುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನ ಕಣ್ಣಿನ ರೆಪ್ಪೆಯೂ ಬೆಳ್ಳಗಿರುತ್ತಿತ್ತು. ಮಲಗಿದರೆ ಕೆಮ್ಮು ಬರುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಎಲ್ಲರ ಅಪ್ಪಂದಿರೂ ಹಾಗೆಯೇ ಮಲಗುತ್ತಾರೆ ಎಂದು ನಾನು ತಿಳಿದಿದ್ದೆ.

ಅಪ್ಪ ಹುಟ್ಟಿದ್ದು ಮಾತ್ರ ಚಿಂಚೋಳಿಯ ಗುಡ್ಡಗಳ ನಡುವೆ. ಹುಡುಗನಾಗಿದ್ದಾಗ ಅಲ್ಲಿ ಎಮ್ಮೆ ಮೇಯಿಸುತ್ತಿದ್ದನಂತೆ. ಅವನು ಕೆಲಸ ಹುಡುಕಿಕೊಂಡು ಶಹಾಬಾದಿಗೆ ಬಂದ ಮೇಲೆ ಆ ಗುಡ್ಡಗಳ ನಡುವೆ, ಚಂದ್ರಂಪಳ್ಳಿಯ ಹತ್ತಿರ, ನೀರಿಗೆ ಕಟ್ಟೆ ಕಟ್ಟಿದರು. ಎಮ್ಮೆಗಳು ಮೇಯುತ್ತಿದ್ದ ತಗ್ಗು ಈಗ ಕೆರೆಯಾಗಿದೆ ಎಂದು ಊರಿನಿಂದ ಬಂದವರು ಹೇಳುತ್ತಿದ್ದರು. ಗುಡ್ಡದ ನೆತ್ತಿಯಿಂದ ಅದು ಹೇಗೆ ಕಾಣಬಹುದು ಎಂದು ಅಪ್ಪ ಆಗಾಗ ಕೇಳಿಕೊಳ್ಳುತ್ತಿದ್ದ. ನಮ್ಮನ್ನಲ್ಲ, ತನ್ನನ್ನೇ.

ಒಂದು ಶ್ರಾವಣದಲ್ಲಿ ಗಣಿಯೊಳಗೆ ಮಳೆನೀರು ತುಂಬಿ ಕೆಲಸ ನಿಂತಿತು. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಹುಡುಗ್ಯಾರಿಗಿ ನಮ್ಮ ಗುಡ್ಡ ತೋರಿಸ್ಕೊಂಡ್ ಬರ್ತೀನಿ" ಎಂದ.

ಅವ್ವನಿಗೆ ಅರ್ಥವೇ ಆಗಲಿಲ್ಲ. "ಗುಡ್ಡದಾಗ ಏನದ ಅಂತ ಹೊಂಟೀರಿ? ಕಟಗಿ ತರೋದಿಲ್ಲ, ದನ ಕಾಯೋದಿಲ್ಲ."

"ನೋಡ್ಲಿಕ್ಕ ಹೊಂಟೀವಿ" ಎಂದ ಅಪ್ಪ.

ಅಕ್ಕ, ನಾನು, ಅಪ್ಪ ಮೂವರೂ ಹೊರಟೆವು. ವಾಡಿಯಲ್ಲಿ ರೈಲು ಬದಲಿಸಿ ಸೇಡಂಗೆ, ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿಗೆ. ಆ ಇರುಳು ಅಪ್ಪನ ತಂಗಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಅತ್ತೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ರೊಟ್ಟಿಯ ಗಂಟು ನನ್ನ ಬೆನ್ನಿಗೆ ಬೆಚ್ಚಗೆ ತಾಗುತ್ತಿತ್ತು.

ಊರು ದಾಟಿ ಬಹಳ ಹೊತ್ತು ನಡೆದ ಮೇಲೆ ಗುಡ್ಡದ ಕಾಲುದಾರಿ ಶುರುವಾಯಿತು. ಅಂಥ ಹಸಿರನ್ನು ನಾನು ಅದೇ ಮೊದಲು ನೋಡಿದ್ದು. ಮಣ್ಣು ಕೆಂಪಗೆ, ಒದ್ದೆಯಾಗಿ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಮುತ್ತಲದ ಅಗಲ ಎಲೆಗಳಲ್ಲಿ ಮಳೆನೀರು ನಿಂತಿತ್ತು; ಅಕ್ಕ ಒಂದು ಟೊಂಗೆಯನ್ನು ಎಳೆದು ಬಿಟ್ಟಳೆಂದರೆ ಹನಿಗಳೆಲ್ಲ ನನ್ನ ತಲೆಯ ಮೇಲೆ. ಸೀತಾಫಲದ ಗಿಡಗಳಲ್ಲಿ ಸಣ್ಣ ಸಣ್ಣ ಕಾಯಿ ಕಚ್ಚಿದ್ದವು. ಎಲ್ಲೋ ಮೇಲೆ ನವಿಲು ಕೂಗಿತು. ಚಪ್ಪಲಿ ಜಾರುತ್ತವೆ ಎಂದು ಕೈಯಲ್ಲಿ ಹಿಡಿದುಕೊಂಡು ನಡೆದೆವು. ಹುಲ್ಲಿನ ತಂಪು ಅಂಗಾಲಿನಿಂದ ಮೊಣಕಾಲಿನವರೆಗೆ ಏರುತ್ತಿತ್ತು. ಎಲ್ಲಿಯೂ ಧೂಳಿರಲಿಲ್ಲ. ನಾನು ಬಾಯಿ ತೆರೆದುಕೊಂಡೇ ನಡೆಯುತ್ತಿದ್ದೆ, ಆ ಗಾಳಿಯನ್ನು ಕುಡಿಯಬೇಕೆನ್ನುವ ಹಾಗೆ.

ದಾರಿಯಲ್ಲಿ ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ನೋಡಿ ನಿಂತಳು. "ಎಲ್ಲಿಗಿ ಹೊಂಟೀರಿ? ದನ ತಪ್ಪಿಸ್ಕೊಂಡಾವೇನು?"

"ಇಲ್ಲಬೇ, ಸುಮ್ನ ಹೊಂಟೀವಿ" ಎಂದ ಅಪ್ಪ.

"ಸುಮ್ನ ಯಾರ್ ಗುಡ್ಡ ಹತ್ತತಾರ್ರಿ?" ಎಂದು ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ಅಪ್ಪನೂ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಅವನು ಮರವನ್ನು ಹಿಡಿದು ಬಾಗಿ ನಿಂತ. ಅಕ್ಕ ಅವನ ಬೆನ್ನು ನೀವುತ್ತಾ, "ಹೊಳ್ಳಿ ಹೋಗೋಣಪ್ಪಾ" ಎಂದಳು. ಅವನು ತಲೆ ಅಲ್ಲಾಡಿಸಿದ. ಅಲ್ಲಿಂದ ಮುಂದೆ ಅಪ್ಪ ಸ್ವಲ್ಪ ನಡೆಯುವುದು, ನಿಲ್ಲುವುದು. ನಿಂತಾಗಲೆಲ್ಲ ಯಾವುದೋ ಗಿಡ ತೋರಿಸಿ ಅದರ ಹೆಸರು ಹೇಳುತ್ತಿದ್ದ. ನಮಗೆ ತೋರಿಸಲೆಂದೇ ನಿಂತಿದ್ದಾನೆ ಎಂದು ನಾನು ನಂಬಿದ್ದೆ. ಅಕ್ಕ ನಂಬಿರಲಿಲ್ಲ.

ನೆತ್ತಿ ಕಣ್ಣೆದುರೇ ಇತ್ತು. ಕಡಿದಾದ ಒಂದೇ ಏರು ಉಳಿದಿತ್ತು. ಅಪ್ಪ ಒಂದು ಬಂಡೆಯ ಮೇಲೆ ಕೂತುಬಿಟ್ಟ. ಅವನ ತುಟಿಯ ಬಣ್ಣ ಹೋಗಿತ್ತು.

"ನೀವಿಬ್ಬರೂ ಮ್ಯಾಲ ಹೋಗ್ರಿ. ಏನೇನ್ ಕಾಣ್ತದ ಅಲ್ಲಿಂದನ ಕೂಗಿ ಹೇಳ್ರಿ. ಅಷ್ಟಾದ್ರ ಸಾಕು ನನಗ."

ನಾನೂ ಅಕ್ಕನೂ ಕೈಕಾಲು ಊರಿಕೊಂಡು ಹತ್ತಿದೆವು. ಮೇಲೆ ಹೋಗಿ ನಿಂತರೆ ಏನೂ ಇಲ್ಲ! ಮೋಡ ನಮ್ಮ ಸುತ್ತ ಹತ್ತಿಯ ಹಾಗೆ ತುಂಬಿಕೊಂಡಿತ್ತು. ಅಕ್ಕನ ಜಡೆಯ ತುಂಬ ಸಣ್ಣ ಹನಿಗಳು.

ಕೆಳಗಿನಿಂದ ಅಪ್ಪನ ದನಿ ಬಂತು. "ಏನ್ ಕಾಣ್ಲಿಕತ್ತದ?"

"ಏನೂ ಇಲ್ಲಪ್ಪಾ! ಬರೇ ಹೊಗಿ!" ಎಂದು ನಾನು ಕೂಗಿದೆ.

ಅಪ್ಪ, "ಹಂಗಾದ್ರ ಇಳದ್ ಬರ್ರಿ. ನಮ್ಮ ನಸೀಬ ಅಷ್ಟೇ" ಎಂದ.

ಅಕ್ಕ ಅಪ್ಪನಿಗೆ ಎಂದೂ ಎದುರಾಡಿದವಳಲ್ಲ. ಅಂದು ಅವಳು ನನ್ನ ಕೈ ಹಿಡಿದು ಅಲ್ಲೇ ಕೂರಿಸಿದಳು. "ಇನ್ನೊಂದೀಟು ನಿಂದರ್ತೀವಪ್ಪಾ" ಎಂದು ಕೂಗಿದಳು. ನಾವು ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಅಪ್ಪ ಮತ್ತೆ ಕರೆದ. ಅಕ್ಕ ನನ್ನ ಕೈ ಬಿಡಲಿಲ್ಲ.

ಆಗ ಗಾಳಿ ತಿರುಗಿತು. ಮೊದಲು ನಮ್ಮ ಕಾಲ ಬುಡದ ಹುಲ್ಲು ಕಂಡಿತು, ಆಮೇಲೆ ಇಳಿಜಾರಿನ ಮರಗಳು. ಮರಗಳ ಆಚೆ, ಗುಡ್ಡಗಳ ಮಡಿಲಲ್ಲಿ ನೀರು! ಬಿಸಿಲು ಒಂದು ಕಡೆಯಿಂದ ಅದರ ಮೇಲೆ ಬೀಳುತ್ತಿತ್ತು. ಅಷ್ಟು ಅಗಲದ ನೀರನ್ನು ನಾನು ಕಂಡೇ ಇರಲಿಲ್ಲ. ಕೂಗಲು ಬಾಯಿ ತೆರೆದೆ. ಅಕ್ಕ ಗಪ್ಪನೆ ನನ್ನ ಬಾಯಿ ಮುಚ್ಚಿದಳು.

"ಹೇಳಬ್ಯಾಡ. ಹೇಳಿದ್ರ ಅಪ್ಪ ಅಲ್ಲೇ ಕುಂದರ್ತಾನ."

ಇಬ್ಬರೂ ಜಾರುತ್ತಾ ಕೆಳಗಿಳಿದೆವು. ಅಪ್ಪ ಆಸೆಯಿಂದ ನಮ್ಮ ಮುಖ ನೋಡಿದ. "ಕಾಣ್ತೇನು?"

"ಹೇಳಂಗಿಲ್ಲ. ನೀನ ಬಂದು ನೋಡು" ಎಂದಳು ಅಕ್ಕ.

"ನನ್ನ ಕೈಲಿ ಆಗಂಗಿಲ್ಲ ಯವ್ವಾ."

"ಸಾವಕಾಶ ಹೋಗೋಣ. ನಮಗೇನು ಅರ್ಜೆಂಟ್ ಅದ?"

ಅರ್ಜೆಂಟ್ ಇತ್ತು, ಮಕ್ಕಳೇ. ಪಡುವಣದಿಂದ ಇನ್ನೊಂದು ಮೋಡ ಬರುತ್ತಿರುವುದನ್ನು ನಾವಿಬ್ಬರೂ ಮೇಲಿಂದ ನೋಡಿದ್ದೆವು. ಆದರೂ ಅಕ್ಕ ಒಮ್ಮೆಯೂ ಅವನನ್ನು ಅವಸರಪಡಿಸಲಿಲ್ಲ. ಅಪ್ಪನ ಒಂದು ಕೈ ಅವಳ ಹೆಗಲ ಮೇಲೆ, ಇನ್ನೊಂದು ನನ್ನ ತಲೆಯ ಮೇಲೆ. ಅವನ ಎದೆಯೊಳಗಿನ ಸಿಳ್ಳೆಯಂಥ ಸದ್ದು ನನ್ನ ಕಿವಿಗೆ ಕೇಳುತ್ತಿತ್ತು. ಅವನು ನಿಂತಾಗ ನಾವೂ ನಿಲ್ಲುತ್ತಿದ್ದೆವು. ಮೋಡವೂ ನಿಲ್ಲಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಅಪ್ಪ ನೆತ್ತಿ ಮುಟ್ಟಿದಾಗ ಕೆರೆ ಇನ್ನೂ ಅಲ್ಲೇ ಇತ್ತು.

ಅವನು ಕೈ ಮುಂದೆ ಚಾಚಿ, ನೀರಿನ ನಡುವೆ ಎಲ್ಲೋ ಬೆರಳು ತೋರಿಸಿದ. "ಅಲ್ಲಿ ನೋಡ್ರಿ, ಅಲ್ಲೇ ನನ್ನ ಎಮ್ಮಿ ಮಲಗತಿದ್ವು. ಈಗ ಮೋಡ ಮಲಗ್ಯಾವ." ನಿಜವಾಗಿಯೂ ಮೋಡದ ನೆರಳುಗಳು ನೀರಿನ ಮೇಲೆ ಕಪ್ಪಗೆ, ಸೋಮಾರಿಯಾಗಿ ಬಿದ್ದುಕೊಂಡಿದ್ದವು. ಅಪ್ಪನ ಮುಖದ ಮೇಲೆ ಅಂಥ ನಗುವನ್ನು ನಾನು ನೋಡಿರಲಿಲ್ಲ. ಎಮ್ಮೆ ಕಾಯುವ ಹುಡುಗ ಅಲ್ಲಿ ಬಂದು ನಿಂತ ಹಾಗಿತ್ತು.

ರೊಟ್ಟಿ ತಿಂದೆವು. ಆಮೇಲೆ ಅಪ್ಪ ಟವೆಲನ್ನು ಸುತ್ತಿ ತಲೆಯ ಕೆಳಗಿಟ್ಟು ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿದ. ಮಲಗಿದವನೇ ನಿದ್ದೆ ಹೋದ. ಕೆಮ್ಮು ಬರುತ್ತದೆ ಎಂದು ನಾವು ಕಾದೆವು. ಬರಲಿಲ್ಲ. ಅವನ ಎದೆ ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಗಾಳಿ ಅವನ ಕೂದಲನ್ನು ಆಡಿಸುತ್ತಿತ್ತು. ನಾನು ಅಕ್ಕನಿಗೆ ಏನೋ ಹೇಳಹೋದರೆ ಅವಳು ತುಟಿಯ ಮೇಲೆ ಬೆರಳಿಟ್ಟಳು. ಮೋಡ ಬಂತು, ಕೆರೆ ಮರೆಯಾಯಿತು, ಮತ್ತೆ ಕಂಡಿತು. ಸಣ್ಣಗೆ ಜಿಟಿಜಿಟಿ ಮಳೆ ಶುರುವಾದಾಗ ಅಕ್ಕ ತನ್ನ ದಾವಣಿಯನ್ನು ಅವನ ಮುಖದ ಮೇಲೆ ಕೊಡೆಯ ಹಾಗೆ ಹಿಡಿದು ಕೂತಳು. ಹೊತ್ತು ಇಳಿಯುತ್ತಿತ್ತು, ಬಸ್ಸು ತಪ್ಪುತ್ತಿತ್ತು. ಆದರೆ ಅವನನ್ನು ಎಬ್ಬಿಸಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ.

ಬಸ್ಸು ತಪ್ಪಿತು. ಅತ್ತೆಯ ಮನೆಯಲ್ಲಿ ಇನ್ನೊಂದು ಇರುಳು ಉಳಿದೆವು. ಮಳೆ ನಿಂತು ಗಣಿಯ ನೀರು ಇಳಿದ ಮೇಲೆ ಅಪ್ಪ ಮತ್ತೆ ಕೆಲಸಕ್ಕೆ ಹೋದ. ಬೇವಿನ ಮರ ಮತ್ತೆ ಬೂದು ಬಣ್ಣಕ್ಕೆ ತಿರುಗಿತು. ಅಪ್ಪ ಮತ್ತೊಮ್ಮೆ ಆ ಗುಡ್ಡ ಹತ್ತಲಿಲ್ಲ. ಕೆಲವು ಶ್ರಾವಣಗಳಾದ ಮೇಲೆ ಅಪ್ಪ ಇರಲಿಲ್ಲ.

ಈಗ ನೀವು, ನನ್ನ ಮೊಮ್ಮಕ್ಕಳು, ರಜೆ ಬಂದರೆ ಸೇಡಂನಿಂದ ಕಾರಿನಲ್ಲಿ ಅದೇ ಗುಡ್ಡಕ್ಕೆ ಹೋಗುತ್ತೀರಿ. ಅದಕ್ಕೆ ಟ್ರೆಕ್ಕಿಂಗ್ ಎನ್ನುತ್ತೀರಿ. ಕೆಸರಿನಲ್ಲಿ ಜಾರದ ಬೂಟು, ಮಳೆಗೆ ನೆನೆಯದ ಅಂಗಿ, ಬೆನ್ನಿಗೆ ಚೀಲ ಎಲ್ಲ ನಿಮಗಿವೆ. ಎಲ್ಲಿಗೆ ಹೊರಟಿರಿ ಎಂದು ನಿಮ್ಮನ್ನು ನೋಡಿ ಯಾರೂ ನಗುವುದಿಲ್ಲ. ನನಗೆ ಸಂತೋಷವೇ. ಗುಡ್ಡವನ್ನು ಸುಮ್ಮನೆ ನೋಡಲು ಹೋಗುವುದು ಈಗ ಎಲ್ಲರಿಗೂ ಅರ್ಥವಾಗುತ್ತದೆ. ಸಂಜೆ ನೀವು ಕೆಂಪು ಮಣ್ಣಿನ ಕಾಲಿನಲ್ಲಿ ಮನೆಗೆ ಬಂದು, ನಿಮ್ಮಪ್ಪನ ಕೊರಳಿಗೆ ಜೋತುಬಿದ್ದು, "ಮುಂದಿನ ಸಲಾನೂ ಹೋಗೋಣ" ಎನ್ನುತ್ತೀರಿ.

ಗುಡ್ಡ ಇಳಿಯುವಾಗ ನಾವೂ ಹಾಗೆಯೇ ಅಂದಿದ್ದೆವು.