ಚಕ್ರ ನಿಂತರೆ ಮೇಲೆ ನೋಡಿ

ನೆಬ್ರಾಸ್ಕದ ಮರಳು ದಿಬ್ಬಗಳ ಮೇಲೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹುಲ್ಲಿನ ತುದಿಯಲ್ಲಿ ಹಿಮ ಕಟ್ಟಿದೆ. ಡೆಲ್ಮರ್ ಕ್ರೂಸ್‌ನ ಹುಲ್ಲುಗಾವಲಿನಲ್ಲಿ ಬತ್ತಿದ ತೊಟ್ಟಿಯ ಸುತ್ತ ದನಗಳು ಅರಚುತ್ತಿವೆ. ಆ ತೊಟ್ಟಿಗೆ ನೀರೆತ್ತುವ ಗಾಳಿಯಂತ್ರದ ಬುಡದಲ್ಲಿ ನಿಂತು ವರ್ನಾ ಹ್ರೂಜಾ ಕೈಗವಸನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿಕೊಳ್ಳುತ್ತಿದ್ದಾರೆ.

ಅರವತ್ತು ದಾಟಿದ ವರ್ನಾ ಈ ಸೀಮೆಯಲ್ಲಿ ಉಳಿದಿರುವ ಒಬ್ಬರೇ ಗಾಳಿಯಂತ್ರ ರಿಪೇರಿಯವರು. ನೀರು ನಿಂತರೆ ದನಗಳು ಬೇಲಿ ಮುರಿಯುತ್ತವೆ, ದಿಬ್ಬದ ಹುಲ್ಲು ತುಳಿದು ಮರಳೆಬ್ಬಿಸುತ್ತವೆ. ಆಗ ಎಲ್ಲರಿಗೂ ಇವರ ನೆನಪು. ಮಿಕ್ಕ ದಿನ ಹೇಗಿದ್ದೀಯ ಎಂದು ಕೇಳುವವರಿಲ್ಲ. ನಮ್ಮೂರ ಪತ್ರಿಕೆಗೆ ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಮೊದಲು ಇದು ಇಬ್ಬರ ಕೆಲಸ. ಗಂಡ ಎಮಿಲ್ ಮೇಲೆ, ಬುಡದ ಹಿಡಿಕೆಯಿಂದ ಚಕ್ರಕ್ಕೆ ಬ್ರೇಕು ಹಾಕಿಟ್ಟು ವರ್ನಾ ಕೆಳಗೆ. ನಮ್ಮಲ್ಲಿ ಗಾಳಿ ಬೀಸುವಾಗ ಚಕ್ರ ನಿಂತಿದ್ದು ಕಂಡರೆ ಯಾರ ಕೈಯೂ ಸುಮ್ಮನಿರುವುದಿಲ್ಲ. ಯಾರ ಯಂತ್ರವೇ ಆಗಲಿ, ಹೋಗಿ ಬ್ರೇಕು ಬಿಡುತ್ತೇವೆ. ಏಳು ವರ್ಷದ ಹಿಂದೆ, ವರ್ನಾ ಟ್ರಕ್ಕಿನಿಂದ ಪೈಪು ತರಲು ಹೋದಾಗ, ಇದೇ ಯಂತ್ರದ ಹತ್ತಿರ ಬಂದ ಡೆಲ್ಮರ್ ಹಾಗೆಯೇ ಮಾಡಿದ. ಮೇಲೆ ನೋಡಲಿಲ್ಲ. ತಿರುಗಿದ ಚಕ್ರ ಎಮಿಲ್‌ನನ್ನು ಕೆಡವಿ ಕೊಂದಿತು.

ಅಂದಿನಿಂದ ವರ್ನಾ ಬರುವ ಹೊತ್ತಿಗೆ ಡೆಲ್ಮರ್ ಇಲ್ಲಿ ನಿಲ್ಲುವುದಿಲ್ಲ. ಇವತ್ತು ನಿಲ್ಲದೆ ವಿಧಿಯಿಲ್ಲ. ಬ್ರೇಕಿನ ಹಿಡಿಕೆಯ ಕೊಂಡಿ ಮುರಿದಿದೆ, ಈ ಗಾಳಿಗೆ ಹಗ್ಗ ನಂಬುವಂತಿಲ್ಲ. ವರ್ನಾ ಮೇಲೇರಿ ಚಕ್ರಕ್ಕೆ ಸರಪಳಿ ಬಿಗಿಯುವವರೆಗೆ ಯಾರಾದರೂ ಹಿಡಿಕೆಯನ್ನು ಅದುಮಿಕೊಂಡೇ ಇರಬೇಕು.

"ಬೇರೆ ಯಾರನ್ನಾದ್ರೂ ಕರಿ ವರ್ನಾ. ನನ್ ಕೈಲಾಗಲ್ಲ" ಎನ್ನುತ್ತಾನೆ ಡೆಲ್ಮರ್.

"ಯಾರಿದಾರೆ ಇಲ್ಲಿ? ಈ ಪೇಪರ್ನೋರ ಕೈಲಿ ಅಷ್ಟು ಬಲ ಇಲ್ಲ. ನಿನ್ ದನ ಬಂದು ಹಿಡ್ಕೊಳತ್ತಾ?"

ಅವನು ಎರಡೂ ಕೈಯಿಂದ ಅದುಮುತ್ತಾನೆ. ವರ್ನಾ ಏರುತ್ತಾರೆ. "ಬಿಗಿದಾಯ್ತು, ಬಿಡು" ಎಂದು ಮೇಲಿನಿಂದ ಕೂಗಿದರೂ ಅವನು ಬಿಡುವುದಿಲ್ಲ. ಕತ್ತೆತ್ತಿ ನಿಂತವನು ಹಾಗೇ ನಿಂತಿದ್ದಾನೆ.

ಮಧ್ಯಾಹ್ನದ ಹೊತ್ತಿಗೆ ರಿಪೇರಿ ಮುಗಿಸಿ, ಸರಪಳಿ ಬಿಚ್ಚಿ, ಇಳಿದು ಬಂದ ವರ್ನಾರನ್ನು ನಾನು ಕೇಳುತ್ತೇನೆ, ಅವನನ್ನು ಕ್ಷಮಿಸಿದಿರಾ ಎಂದು.

"ಕ್ಷಮೆ ಗಿಮೆ ನಂಗೊತ್ತಿಲ್ಲ. ಅವನ್ ಮುಖ ಕಂಡ್ರೆ ಇವತ್ತೂ ಹೊಟ್ಟೆ ಉರಿಯತ್ತೆ. ಚಕ್ರ ನಿಂತಿದ್ರೆ ಒಂದ್ಸಲ ಮೇಲೆ ನೋಡಿ ಅಂತ ನಿಮ್ ಪೇಪರ್ನಲ್ಲಿ ಬರೀರಿ. ಅಷ್ಟಾದ್ರೆ ಸಾಕು."

ಡೆಲ್ಮರ್ ಇನ್ನೂ ಹಿಡಿಕೆ ಅದುಮಿಕೊಂಡೇ ಇದ್ದಾನೆ. ವರ್ನಾ ಹೋಗಿ ಅವನ ಮರಗಟ್ಟಿದ ಬೆರಳುಗಳ ಮೇಲೆ ಕೈ ಇಡುತ್ತಾರೆ.

"ಬಿಡು ಡೆಲ್ಮರ್. ಈಗ ಮೇಲೆ ಯಾರೂ ಇಲ್ಲ."

ಅವನು ಮತ್ತೊಮ್ಮೆ ಮೇಲೆ ನೋಡಿ, ಆಮೇಲೆ ಬಿಡುತ್ತಾನೆ.